ಮಾತ್ರೆ ಎಣಿಸಿ ಕೊಡೋದಕ್ಕೆ ಕಸಿ ವಾರ್ಡಿನಲ್ಲಿ ಒಬ್ಬರು ಬೇಕಾ?

ಪ್ರಶ್ನೆ ಯಾವಾಗಲೂ ಒಂದೇ ಧಾಟಿಯಲ್ಲಿ ಬರುತ್ತದೆ. "ಆಪರೇಷನ್ ಮಾಡೋದು ಸರ್ಜನ್, ಔಷಧಿ ಬರೆಯೋದು ನೆಫ್ರಾಲಜಿಸ್ಟ್, ಕೊಡೋದು ನರ್ಸ್. ಕಿಡ್ನಿ ಕಸಿ ವಾರ್ಡಿನಲ್ಲಿ ಫಾರ್ಮಸಿಸ್ಟ್‌ಗೆ ಏನು ಕೆಲಸ? ಮಾತ್ರೆ ಎಣಿಸಿ ಕೊಡೋದು ತಾನೆ?" ಮದುವೆ ಮನೆಯಲ್ಲಿ ನೆಂಟರು ಕೇಳುತ್ತಾರೆ, ರೈಲಿನಲ್ಲಿ ಎದುರು ಸೀಟಿನವರು ಕೇಳುತ್ತಾರೆ, ಮಗಳನ್ನು ಫಾರ್ಮ್ ಡಿ ಎಂಬ ಫಾರ್ಮಸಿ ಕೋರ್ಸಿಗೆ ಸೇರಿಸಬೇಕೆಂದಿರುವ ಅಪ್ಪಂದಿರು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಸಿಟ್ಟು ಬರಿಸುವುದು ಕೊನೆಯ ಆ "ತಾನೆ". ಉತ್ತರ ಅವರ ಕೈಯಲ್ಲಿ ಆಗಲೇ ಇದೆ, ನಾನು ಹೂಂ ಅನ್ನಬೇಕಷ್ಟೆ. ಸರಿ, ಹೂಂ. ಎಣಿಸುತ್ತೇವೆ. ಏನೇನನ್ನು ಎಣಿಸುತ್ತೇವೆ ಅನ್ನುವುದನ್ನೂ ಕೇಳಿಬಿಡಿ.

ಮೊದಲು ಗಂಟೆ ಎಣಿಸುತ್ತೇವೆ. ಹೊಸ ಕಿಡ್ನಿಯನ್ನು ದೇಹ "ಇದು ನನ್ನದಲ್ಲ" ಎಂದು ಹೊಡೆಯದಂತೆ ತಡೆದು ಹಿಡಿಯುವ ಮುಖ್ಯ ಔಷಧ ಟ್ಯಾಕ್ರೊಲಿಮಸ್. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಈಗ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ತಯಾರಿಸುತ್ತದೆ. ಕೆ.ಜಿ. ತೂಕಕ್ಕೆ ದಿನಕ್ಕೆ 0.1 ಮಿ.ಗ್ರಾಂ ಲೆಕ್ಕದಲ್ಲಿ ಶುರು ಮಾಡಿದರೆ 60 ಕೆ.ಜಿ.ಯವರಿಗೆ ಬೆಳಿಗ್ಗೆ 3, ರಾತ್ರಿ 3 ಮಿ.ಗ್ರಾಂ. ಅಲ್ಲಿಂದಾಚೆಗೆ ಡೋಸ್ ತೀರ್ಮಾನಿಸುವುದು ತೂಕ ಅಲ್ಲ, ರಕ್ತದಲ್ಲಿ ಔಷಧ ಎಷ್ಟಿದೆ ಅನ್ನುವುದು. ವಾರ್ಡಿನ ಭಾಷೆಯಲ್ಲಿ ಅದು "ಟ್ಯಾಕ್ ಲೆವೆಲ್". ಕೇಂದ್ರದಿಂದ ಕೇಂದ್ರಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ಮಿಲಿಲೀಟರ್ ರಕ್ತಕ್ಕೆ 8ರಿಂದ 12 ನ್ಯಾನೋಗ್ರಾಂ, ವರ್ಷ ದಾಟಿದ ಮೇಲೆ 5ರಿಂದ 8ರ ಆಸುಪಾಸು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಗ್ರಾಂ. ಲೆವೆಲ್ ಆ ಮಿತಿಗಿಂತ ಇಳಿದರೆ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವ ಭಯ. ಏರಿದರೆ, ಕಾಪಾಡಬೇಕಾದ ಔಷಧವೇ ಆ ಕಿಡ್ನಿಯನ್ನು ಕೆಡಿಸುತ್ತದೆ. ಕೈ ನಡುಗುತ್ತದೆ, ಪೊಟ್ಯಾಸಿಯಂ ಏರುತ್ತದೆ, ಮೊದಲು ಇಲ್ಲದ ಸಕ್ಕರೆ ಕಾಯಿಲೆ ಶುರುವಾಗುತ್ತದೆ.

ಒಂದೇ ತೂಕದ ಅಣ್ಣ ತಮ್ಮಂದಿರಿಗೆ ಒಂದೇ ಡೋಸ್ ಕೊಟ್ಟರೂ ಲೆವೆಲ್ ಒಂದೇ ಬರಬೇಕೆಂದಿಲ್ಲ. ಇದನ್ನು ಒಡೆಯುವ ಸಿವೈಪಿ3ಎ5 ಎಂಬ ಕಿಣ್ವ ಕೆಲವರಲ್ಲಿ ಚುರುಕಾಗಿರುತ್ತದೆ. ಅಂಥವರಿಗೆ ಒಂದೂವರೆಯಿಂದ ಎರಡು ಪಟ್ಟು ಔಷಧ ಬೇಕಾಗುತ್ತದೆ.

ಈ ಲೆವೆಲ್ ಅಳೆಯಬೇಕಾದದ್ದು ಹಿಂದಿನ ಡೋಸ್ ಆಗಿ 12 ಗಂಟೆ ಕಳೆದಾಗ, ಮುಂದಿನ ಡೋಸ್ ನುಂಗುವ ಮುಂಚೆ. ರಾತ್ರಿ 9ಕ್ಕೆ ತೆಗೆದುಕೊಂಡಿದ್ದರೆ ಬೆಳಿಗ್ಗೆ 9ರ ಹೊತ್ತಿಗೆ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ, ಇಡೀ ರಕ್ತ. ಸೀರಂ ಬೇರ್ಪಡಿಸಿದರೆ ಉಪಯೋಗವಿಲ್ಲ, ಯಾಕೆಂದರೆ ಔಷಧದ ಬಹುಪಾಲು ಕೆಂಪು ರಕ್ತಕಣಗಳೊಳಗೆ ಕೂತಿರುತ್ತದೆ. ತಪ್ಪಾಗುವುದು ಇಲ್ಲಿಯೇ. ಹಾಸನದಿಂದಲೋ ಚಿತ್ರದುರ್ಗದಿಂದಲೋ ಬೆಳಗಿನ ಬಸ್ಸಿಗೆ ಹೊರಟವರು ಅಭ್ಯಾಸಬಲದಿಂದ 7 ಗಂಟೆಗೆ ಮಾತ್ರೆ ನುಂಗಿರುತ್ತಾರೆ. 9ಕ್ಕೆ ರಕ್ತ ಕೊಡುತ್ತಾರೆ. ನುಂಗಿದ ಒಂದರಿಂದ ಮೂರು ಗಂಟೆಯೊಳಗೆ ಔಷಧ ರಕ್ತದಲ್ಲಿ ತುತ್ತತುದಿಯಲ್ಲಿರುತ್ತದೆ. ರಿಪೋರ್ಟಿನಲ್ಲಿ 19 ಎಂದು ಬರುತ್ತದೆ, ಪಕ್ಕದಲ್ಲಿ ಕೆಂಪು ಗುರುತು. ಬ್ಯುಸಿ ಓಪಿಡಿಯಲ್ಲಿ ಆ ಅಂಕಿಯನ್ನು ನಂಬಿ ಡೋಸ್ ಅರ್ಧ ಮಾಡಿದರೆ, ನಿಜವಾಗಿ 9 ಇದ್ದ ಲೆವೆಲ್ ಇನ್ನೊಂದು ವಾರದಲ್ಲಿ 4-5ಕ್ಕೆ ಬಂದು ಕೂರುತ್ತದೆ. ಮೂರನೇ ವಾರಕ್ಕೆ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕಸ) ಏರುತ್ತದೆ. ಇದನ್ನು ತಡೆಯುವುದು ಯಾವ ಯಂತ್ರವೂ ಅಲ್ಲ, ಒಂದು ಪ್ರಶ್ನೆ: "ಇವತ್ತು ಬೆಳಿಗ್ಗೆ ಮಾತ್ರೆ ತಗೊಂಡ್ರಾ? ಎಷ್ಟು ಗಂಟೆಗೆ?" ಅದನ್ನು ದಿನವಿಡೀ, ಪ್ರತಿಯೊಬ್ಬರಿಗೂ, ಬೇಸರವಿಲ್ಲದೆ ಕೇಳುವುದು ನಮ್ಮ ಕೆಲಸ.

ಆಮೇಲೆ ಮಿಲಿಗ್ರಾಂ. ಕ್ಯಾಪ್ಸೂಲ್ 0.25, 0.5, 1, 2, 5 ಹೀಗೆ ಬರುತ್ತವೆ. ಯಾರಾದರೂ ಮೊದಲ ಸೊನ್ನೆ ಬಿಟ್ಟು ಬರಿ ".5" ಎಂದು ಬರೆದು, ಚುಕ್ಕೆ ಮಡಿಕೆಯಲ್ಲಿ ಮಾಸಿ ಹೋದರೆ, ಅಂಗಡಿಯಿಂದ 5 ಬರುತ್ತದೆ. ಹತ್ತು ಪಟ್ಟು. ಇನ್ನೊಂದು ಇದಕ್ಕಿಂತ ಸೂಕ್ಷ್ಮ: ಟ್ಯಾಕ್ರೊಲಿಮಸ್‌ನಲ್ಲಿ ದಿನಕ್ಕೆ ಎರಡು ಸಲ ತೆಗೆದುಕೊಳ್ಳುವ ಮಾದರಿ ಬೇರೆ, ನಿಧಾನವಾಗಿ ಬಿಡುಗಡೆಯಾಗುವ, ದಿನಕ್ಕೊಂದೇ ಸಲದ ಮಾದರಿ ಬೇರೆ. ಹೆಸರುಗಳು ಒಂದನ್ನೊಂದು ಹೋಲುತ್ತವೆ, ಮಿಲಿಗ್ರಾಂ ಒಂದೇ ಇರುತ್ತದೆ. "ಅದು ಸ್ಟಾಕ್ ಇಲ್ಲ, ಇದೂ ಅದೇ ಔಷಧಿ" ಎಂದು ಅಂಗಡಿಯವರು ಕೊಟ್ಟದ್ದನ್ನು ಹಳೆಯ ರೂಢಿಯಂತೆಯೇ ನುಂಗುತ್ತಾ ಹೋದರೆ ಲೆವೆಲ್ ತನ್ನ ದಾರಿ ಹಿಡಿಯುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿಯೇ ಟ್ಯಾಕ್ರೊಲಿಮಸ್ಸನ್ನು ಬ್ರ್ಯಾಂಡ್ ಹೆಸರಿನಿಂದ ಮಾತ್ರ ಬರೆಯಿರಿ, ಬ್ರ್ಯಾಂಡ್ ನೋಡಿಯೇ ಕೊಡಿ ಎಂದು ಹೇಳಿದ್ದು ಇಂಥ ಅದಲುಬದಲು ಕಂಡೇ. ಜೆನೆರಿಕ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಿಂಗಳ ಖರ್ಚು ಹೊರಲಾಗದೆ ಮಾತ್ರೆ ಬಿಡುವುದಕ್ಕಿಂತ ಅಗ್ಗದ ಬ್ರ್ಯಾಂಡಿಗೆ ಹೋಗುವುದು ಎಷ್ಟೋ ಮೇಲು. ಆದರೆ ಬದಲಾಯಿಸುವ ದಿನ ನಮಗೆ ಗೊತ್ತಿರಬೇಕು. ಒಂದು ವಾರದಲ್ಲಿ ಲೆವೆಲ್ ನೋಡಬೇಕು, ಅಷ್ಟೆ.

ವಯಲ್‌ಗಳನ್ನೂ ಎಣಿಸುತ್ತೇವೆ. ಕಸಿಯ ದಿನವೇ ರೋಗನಿರೋಧಕ ಕಣಗಳನ್ನು ತಗ್ಗಿಸಲು ಕೊಡುವ ಎಟಿಜಿ 25 ಮಿ.ಗ್ರಾಂ ವಯಲ್‌ಗಳಲ್ಲಿ ಬರುವ, ಬಹಳ ದುಬಾರಿಯಾದ ಪುಡಿ. ಕೆ.ಜಿ.ಗೆ 1.5 ಮಿ.ಗ್ರಾಂ ಅಂದರೆ 60 ಕೆ.ಜಿ.ಗೆ 90. ಮೂರು ವಯಲ್ ಒಡೆದು 75ಕ್ಕೆ ನಿಲ್ಲುವುದೋ, ನಾಲ್ಕು ಒಡೆದು 100 ಕೊಡುವುದೋ ಎಂದು ಡಾಕ್ಟರ ಜೊತೆ ಕೂತು ತೀರ್ಮಾನಿಸುತ್ತೇವೆ. ಉಳಿದ 10 ಮಿ.ಗ್ರಾಂ ಚೆಲ್ಲುವುದೆಂದರೆ ಯಾರದೋ ಹೊಲ ಮಾರಿದ ದುಡ್ಡು ಚೆಲ್ಲಿದಂತೆ. ಒಂದು ವಯಲ್‌ಗೆ 5 ಮಿಲಿ ನೀರು ಹಾಕಿ ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು. ಕುಲುಕಿದರೆ ನೊರೆ ಬಂದು ಪ್ರೋಟೀನು ಹಾಳು. 0.22 ಮೈಕ್ರಾನ್ ಫಿಲ್ಟರ್ ಮೂಲಕ, ದೊಡ್ಡ ರಕ್ತನಾಳಕ್ಕೆ, ಮೊದಲ ಡೋಸ್ ಕನಿಷ್ಠ 6 ಗಂಟೆ ಹರಿಯಬೇಕು. ಒಂದು ಗಂಟೆ ಮುಂಚೆ ಸ್ಟೀರಾಯ್ಡ್, ಪ್ಯಾರಾಸಿಟಮಾಲ್, ಅಲರ್ಜಿ ಮದ್ದು. ಕೈಯ ಸಣ್ಣ ನಾಳದಲ್ಲೇ ಕೊಡಬೇಕಾಗಿ ಬಂದು ಹೆಪಾರಿನ್, ಹೈಡ್ರೊಕಾರ್ಟಿಸೋನ್ ಜೊತೆಗೆ ಸೇರಿಸಿದರೆ, ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಅವು ಗಷ್ಟುಗಟ್ಟುತ್ತವೆ. ಸಲೈನೇ ಆಗಬೇಕು. ಬಿಳಿ ರಕ್ತಕಣ 3,000ಕ್ಕಿಂತ ಕೆಳಗಿದ್ದರೆ ಡೋಸ್ ಅರ್ಧ, 2,000ಕ್ಕಿಂತ ಕೆಳಗೆ ಹೋದರೆ ನಿಲ್ಲಿಸುವ ಯೋಚನೆ. ಬೆಳಗಿನ ರಿಪೋರ್ಟ್ ನೋಡದೆ ಆ ದಿನದ ವಯಲ್ ಒಡೆಯುವುದಿಲ್ಲ.

ಮತ್ತು ಹೌದು, ಮಾತ್ರೆಗಳನ್ನೂ ಎಣಿಸುತ್ತೇವೆ. ಫಾಲೋಅಪ್‌ಗೆ ಬರುವಾಗ ಸ್ಟ್ರಿಪ್‌ಗಳನ್ನೆಲ್ಲ ಕವರಿನ ಸಮೇತ ತನ್ನಿ ಅನ್ನುವುದು ಅದಕ್ಕೇ. 1 ಮಿ.ಗ್ರಾಂನ ಕ್ಯಾಪ್ಸೂಲ್ ಬೆಳಿಗ್ಗೆ 3, ರಾತ್ರಿ 3 ಅಂದರೆ ತಿಂಗಳಿಗೆ 180. ಮೂವತ್ತು ದಿನ ಆದಮೇಲೂ ಕವರಿನಲ್ಲಿ 40 ಉಳಿದಿದ್ದರೆ ಹತ್ತಿರ ಹತ್ತಿರ ಒಂದು ವಾರದ ಔಷಧ ಹೊಟ್ಟೆಗೆ ಹೋಗಿಲ್ಲ ಎಂದರ್ಥ. ಬೈಯುವುದಕ್ಕಲ್ಲ ಎಣಿಸುವುದು. ಹಗಲು ಹೊಲದಲ್ಲಿ ದುಡಿದು ರಾತ್ರಿ ಊಟ ಮಾಡಿ ಹಾಗೆಯೇ ನಿದ್ದೆ ಹೋಗುವವರಿಗೆ ರಾತ್ರಿಯ ಡೋಸ್ ತಪ್ಪುತ್ತಿದ್ದರೆ, ದಿನಕ್ಕೊಂದೇ ಸಲದ ಮಾದರಿಗೆ ಬದಲಿಸಿ ಎಂದು ಡಾಕ್ಟರಿಗೆ ನಾವೇ ಸೂಚಿಸುತ್ತೇವೆ. ದುಡ್ಡಿಲ್ಲದೆ ಎರಡು ಡೋಸನ್ನು ಒಂದು ಮಾಡಿಕೊಂಡಿದ್ದರೆ, ಯೋಜನೆಯ ನೆರವು ಎಲ್ಲಿ ಸಿಗುತ್ತದೆಂದು ಕೋಆರ್ಡಿನೇಟರ್ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಎಣಿಸದೆ ಇದು ತಿಳಿಯುವುದಿಲ್ಲ. ಕೇಳಿದರೆ ಎಲ್ಲರೂ "ಕರೆಕ್ಟಾಗಿ ತಗೋತಿದೀನಿ" ಎಂದೇ ಹೇಳುತ್ತಾರೆ, ಪಾಪ.

"ಇದೆಲ್ಲ ಡಾಕ್ಟರೇ ನೋಡ್ಕೋತಾರಲ್ಲ" ಅನ್ನುವವರಿಗೆ: ನೋಡಿಕೊಳ್ಳುತ್ತಾರೆ. ಆದರೆ ಕಸಿಯಾದ ಮೊದಲ ತಿಂಗಳಲ್ಲಿ ಒಬ್ಬ ರೋಗಿಯ ಚೀಟಿಯಲ್ಲಿ ಹತ್ತಕ್ಕೂ ಹೆಚ್ಚು ಔಷಧಗಳಿರುತ್ತವೆ, ಮತ್ತು ಅದು ಎರಡು ಮೂರು ದಿನಕ್ಕೊಮ್ಮೆ ಬದಲಾಗುತ್ತದೆ. ಅಮೆರಿಕದಲ್ಲಿ 2007ರ ಸರ್ಕಾರಿ ನಿಯಮದ ಪ್ರಕಾರ ಕಸಿ ಕೇಂದ್ರದ ತಂಡದಲ್ಲಿ ಔಷಧಶಾಸ್ತ್ರ ಬಲ್ಲವರು ಇರಲೇಬೇಕು. ನಮ್ಮಲ್ಲಿ ಆರು ವರ್ಷದ ಫಾರ್ಮ್ ಡಿ ಕೋರ್ಸ್ ಶುರುವಾದದ್ದೇ 2008ರಲ್ಲಿ. ಸಿಎಂವಿ ಎಂಬ ವೈರಸ್ಸಿಗೆ ತಡೆಯಾಗಿ ಕೊಡುವ ವಾಲ್ಗಾನ್‌ಸಿಕ್ಲೋವಿರ್ ನೋಡಿ. ಕಿಡ್ನಿ ಇನ್ನೂ ಚೇತರಿಸಿಕೊಳ್ಳದ ಮೊದಲ ವಾರ ದಿನ ಬಿಟ್ಟು ದಿನ 450 ಮಿ.ಗ್ರಾಂ ಸಾಕಾಗಿರಬಹುದು. ಕಿಡ್ನಿಯ ಕೆಲಸ ಸುಧಾರಿಸಿ, ಅದು ಎಷ್ಟು ಸೋಸುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 40 ದಾಟಿದರೆ ದಿನಾ 450, 60 ದಾಟಿದರೆ ದಿನಾ 900. ರೋಗಿ ಗುಣವಾಗುತ್ತಿದ್ದಾನೆಂದು ಎಲ್ಲರೂ ಖುಷಿಯಲ್ಲಿರುವಾಗ ಈ ಡೋಸ್ ಮಾತ್ರ ಹಳೆಯದರಲ್ಲೇ ಉಳಿದುಬಿಡುತ್ತದೆ. ಅದನ್ನು ಏರಿಸಿ ಎಂದು ರೌಂಡ್ಸ್‌ನಲ್ಲಿ ಹೇಳಬೇಕಾದವರು ನಾವು. ಬಿಳಿ ರಕ್ತಕಣ ಇಳಿದಾಗಲೂ ಅಷ್ಟೆ: ರಿಜೆಕ್ಷನ್ ತಡೆಯುವ ಇನ್ನೊಂದು ಔಷಧವಾದ ಮೈಕೋಫಿನೊಲೇಟ್, ವಾಲ್ಗಾನ್‌ಸಿಕ್ಲೋವಿರ್, ಸೋಂಕು ತಡೆಗೆ ಕೊಡುವ ಕೋಟ್ರೈಮಾಕ್ಸಜೋಲ್ ಮೂರೂ ಇಳಿಸಬಲ್ಲವು. ಕೈಗೆ ಮೊದಲು ಸಿಕ್ಕಿದ್ದು ಮೈಕೋಫಿನೊಲೇಟ್ ಎಂದು ಅದನ್ನೇ ಕತ್ತರಿಸಿದರೆ ಕಿಡ್ನಿಯ ಕಾವಲೇ ಸಡಿಲ.

ಭೇದಿಯ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಭೇದಿಯಾದರೆ ಔಷಧ ಒಳಗೆ ನಿಲ್ಲದೆ ಹೊರಗೆ ಹೋಗಿ ಲೆವೆಲ್ ಇಳಿಯುತ್ತದೆ ಎಂದು ಎಲ್ಲರಿಗೂ ಅನಿಸುತ್ತದೆ. ಟ್ಯಾಕ್ರೊಲಿಮಸ್ ವಿಷಯದಲ್ಲಿ ತಿರುಗುಮುರುಗು. ನುಂಗಿದ ಔಷಧದ ದೊಡ್ಡ ಪಾಲನ್ನು ಕರುಳಿನ ಒಳಪದರವೇ ಒಡೆದು ಹಾಕುತ್ತಿರುತ್ತದೆ, ಒಳಗೆ ಬಂದದ್ದನ್ನು ಹಿಂದಕ್ಕೆ ನೂಕುತ್ತಿರುತ್ತದೆ. ಭೇದಿಯಲ್ಲಿ ಆ ಪದರ ಕೆಟ್ಟಾಗ ಕಾವಲಿಲ್ಲದ ಗೇಟಿನಂತೆ, ಔಷಧ ಹೆಚ್ಚು ಹೆಚ್ಚಾಗಿ ರಕ್ತಕ್ಕೆ ನುಗ್ಗುತ್ತದೆ. ಒಂದು ಕಡೆ ಮೈಯಲ್ಲಿ ನೀರು ಕಮ್ಮಿಯಾಗಿ ಕಿಡ್ನಿ ಬಾಡಿರುತ್ತದೆ, ಇನ್ನೊಂದು ಕಡೆ ಲೆವೆಲ್ ಏರಿ ಅದನ್ನೇ ಹಿಂಡುತ್ತದೆ. ಅದರ ಮೇಲೆ ಊರಿನವರು ಎಳನೀರು ಕುಡಿಸುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಟ್ಯಾಕ್ರೊಲಿಮಸ್, ಕೋಟ್ರೈಮಾಕ್ಸಜೋಲ್, ಬಿ.ಪಿ.ಯ ಟೆಲ್ಮಿಸಾರ್ಟನ್ ಎಲ್ಲವೂ ಆಗಲೇ ಪೊಟ್ಯಾಸಿಯಂ ಏರಿಸುವವೇ. ಎರಡು ದಿನಕ್ಕಿಂತ ಹೆಚ್ಚು ಭೇದಿ ನಿಲ್ಲದಿದ್ದರೆ ಕಸಿ ಕ್ಲಿನಿಕ್ಕಿಗೇ ಬನ್ನಿ. ಬರುವ ತನಕ ನಿಮ್ಮಷ್ಟಕ್ಕೆ ಡೋಸ್ ಕಮ್ಮಿ ಮಾಡಬೇಡಿ, ಫೋನ್ ಮಾಡಿ.

ಗ್ರೇಪ್‌ಫ್ರೂಟ್ ತಿನ್ನಬಾರದು ಎಂದು ಎಲ್ಲ ಕರಪತ್ರಗಳಲ್ಲೂ ಇರುತ್ತದೆ. ಅದು ನಮ್ಮ ಸಂತೆಗಳಲ್ಲಿ ಅಪರೂಪವಾದ್ದರಿಂದ ಓದಿದವರು ಮುಂದಕ್ಕೆ ಹೋಗುತ್ತಾರೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದಿಂದ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹೆಮ್ಮೆಯ ಹಣ್ಣು. ಟ್ಯಾಕ್ರೊಲಿಮಸ್ ನುಂಗುವವರು ಮಾತ್ರ ಮುಟ್ಟಬಾರದು. ಕರುಳಿನ ಅದೇ ಕಾವಲನ್ನು ಅದು ಕಟ್ಟಿಹಾಕುತ್ತದೆ. ಅಮೃತಬಳ್ಳಿ ಕಷಾಯವೂ ಬೇಡ. ರೋಗನಿರೋಧಕ ಶಕ್ತಿ ಏರಿಸಲೆಂದು ಜನ ಕುಡಿಯುವುದು ಅದನ್ನು. ನಾವು ಹತ್ತು ಔಷಧ ಕೊಟ್ಟು ಕಷ್ಟಪಟ್ಟು ಇಳಿಸಿ ಹಿಡಿದಿರುವುದು ಅದೇ ಶಕ್ತಿಯನ್ನು.

ಇಷ್ಟು ಹೇಳಿದ ಮೇಲೆ, ಜನ ನನ್ನನ್ನು ಕೇಳಲಿ ಎಂದು ನಾನು ಕಾಯುವ ಪ್ರಶ್ನೆಗೆ ಬರುತ್ತೇನೆ. ಯಾರೂ ಕೇಳುವುದಿಲ್ಲ ಅದನ್ನು. "ಹೊಸ ಔಷಧಿ ಶುರು ಮಾಡುವಾಗ ಜಾಗ್ರತೆ ಬೇಕು, ಗೊತ್ತಾಯ್ತು. ಇದ್ದ ಔಷಧಿ ನಿಲ್ಲಿಸಿದಾಗ ಏನಾಗುತ್ತೆ?"

ಶುರು ಮಾಡುವಾಗ ಎಲ್ಲರಿಗೂ ಎಚ್ಚರವಿರುತ್ತದೆ. ಕಂಪ್ಯೂಟರ್ ಕೂಗುತ್ತದೆ, ನರ್ಸ್ ಕೇಳುತ್ತಾರೆ. ನಿಲ್ಲಿಸುವಾಗ ಯಾವ ಕೂಗೂ ಇಲ್ಲ. ಕೋರ್ಸ್ ಮುಗಿಯಿತು, ಒಳ್ಳೆಯ ಸುದ್ದಿ ಎಂದುಕೊಳ್ಳುತ್ತಾರೆ.

ಡಿಲ್ಟಿಯಾಜೆಮ್ ತೆಗೆದುಕೊಳ್ಳಿ. ಬಿ.ಪಿ. ಮಾತ್ರೆ. ಆದರೆ ಅದು ಟ್ಯಾಕ್ರೊಲಿಮಸ್ ಒಡೆಯುವ ಕಿಣ್ವವನ್ನು ತಡೆಯುವುದರಿಂದ, ಕಮ್ಮಿ ಡೋಸಿನಲ್ಲೇ ಬೇಕಾದ ಲೆವೆಲ್ ಸಿಗುತ್ತದೆ. ನಮ್ಮ ದೇಶದಲ್ಲಿ ಎಷ್ಟೋ ಕಡೆ ಟ್ಯಾಕ್ರೊಲಿಮಸ್ ಖರ್ಚು ಉಳಿಸಲೆಂದೇ ಅದನ್ನು ಜೊತೆಗೆ ಬರೆಯುತ್ತಾರೆ. ಬುದ್ಧಿವಂತಿಕೆಯ ಲೆಕ್ಕ, ಅದರಲ್ಲಿ ತಪ್ಪಿಲ್ಲ. ಎರಡು ವರ್ಷದ ಮೇಲೆ ಊರಿನಲ್ಲಿ ತಲೆಸುತ್ತು ಬಂದು ಹತ್ತಿರದ ಡಾಕ್ಟರ ಬಳಿ ಹೋದರೆ, ಬಿ.ಪಿ. ಇಳಿದಿದೆ, ನಾಡಿ ನಿಧಾನವಾಗಿದೆ ಎಂದು ಅವರು ಡಿಲ್ಟಿಯಾಜೆಮ್ ನಿಲ್ಲಿಸಿ ಆಮ್ಲೋಡಿಪಿನ್ ಬರೆಯುತ್ತಾರೆ. ಬಿ.ಪಿ. ದೃಷ್ಟಿಯಿಂದ ಸರಿಯಾದ ಚಿಕಿತ್ಸೆಯೇ. ಟ್ಯಾಕ್ರೊಲಿಮಸ್ ಡೋಸಿನಲ್ಲಿ ಒಂದು ಮಿ.ಗ್ರಾಂ ಕೂಡ ಬದಲಾಗಿಲ್ಲ, ರೋಗಿ ಒಂದು ಹೊತ್ತೂ ತಪ್ಪಿಸಿಲ್ಲ, ಆದರೂ ಕೆಲವೇ ದಿನಗಳಲ್ಲಿ ಲೆವೆಲ್ 7 ಇದ್ದದ್ದು 4ಕ್ಕೆ ಬಂದಿರುತ್ತದೆ.

ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್, ವೊರಿಕೊನಜೋಲ್ ಇದೇ ಜಾತಿ, ಇನ್ನೂ ಜೋರು. ವೊರಿಕೊನಜೋಲ್ ಶುರು ಮಾಡುವ ದಿನ ಟ್ಯಾಕ್ರೊಲಿಮಸ್ಸನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತೇವೆ. 3 ಮಿ.ಗ್ರಾಂ ಇದ್ದದ್ದು 1. ಕೋರ್ಸ್ ಮುಗಿದ ದಿನ ಆ 1 ಮತ್ತೆ 3ರ ಕಡೆಗೆ ಏರಬೇಕು. ಏರಿಸಲು ಯಾರಿಗೂ ನೆನಪಾಗದಿದ್ದರೆ ಕಿಡ್ನಿ ಬರಿ ಮೂರನೇ ಒಂದು ಪಾಲು ಕಾವಲಿನಲ್ಲಿ ದಿನ ದೂಡುತ್ತಿರುತ್ತದೆ.

ಕ್ಷಯದ ರಿಫಾಂಪಿಸಿನ್ ಇದಕ್ಕೆ ಪೂರ್ತಿ ಉಲ್ಟಾ. ಅದು ಒಡೆಯುವ ಕಿಣ್ವವನ್ನು ಹೆಚ್ಚಿಸುತ್ತದೆ. ಒಂದೆರಡು ವಾರದೊಳಗೆ ಟ್ಯಾಕ್ರೊಲಿಮಸ್ ಮೂರರಿಂದ ಐದು ಪಟ್ಟು ಬೇಕಾಗುತ್ತದೆ. ಬೆಳಿಗ್ಗೆ 3 ಇದ್ದವರು 10 ನುಂಗಿದರೂ ಲೆವೆಲ್ ಕಷ್ಟದಲ್ಲಿ ಸಿಗುತ್ತದೆ. ಅದಕ್ಕೇ ಸಾಧ್ಯವಾದಲ್ಲಿ ರಿಫಾಬ್ಯುಟಿನ್‌ಗೋ ಲೆವೊಫ್ಲಾಕ್ಸಾಸಿನ್ ಇರುವ ಬೇರೆ ಜೋಡಣೆಗೋ ಹೋಗುತ್ತಾರೆ. ನಮ್ಮಲ್ಲಿ ಕ್ಷಯ ಅಪರೂಪದ ಕಾಯಿಲೆಯಲ್ಲ, ಕಸಿಯಾದವರಲ್ಲಿ ಇನ್ನೂ ಹೆಚ್ಚು. ರಿಫಾಂಪಿಸಿನ್ ನಿಲ್ಲಿಸಿದ ಮರುದಿನವೇ ಕಿಣ್ವ ಇಳಿಯುವುದಿಲ್ಲ, ಹಳೆಯ ಮಟ್ಟಕ್ಕೆ ಬರಲು ಸುಮಾರು ಎರಡು ವಾರ ಬೇಕು. ಆ ಎರಡು ವಾರ ಡೋಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು, ವಾರಕ್ಕೆ ಎರಡು ಸಲ ಲೆವೆಲ್ ನೋಡುತ್ತಾ. "ಟಿ.ಬಿ. ವಾಸಿಯಾಯ್ತು" ಎಂದು ಮನೆಯವರೆಲ್ಲ ಸಂಭ್ರಮದಲ್ಲಿರುವಾಗ 10-10 ಮಿ.ಗ್ರಾಂ ಹಾಗೆಯೇ ಮುಂದುವರಿದರೆ, ಕೈ ನಡುಗಿ ಕಾಫಿ ಲೋಟ ಹಿಡಿಯಲಾಗದ ದಿನ ಬರುತ್ತದೆ.

ಇನ್ನು ಕಷ್ಟ ಏನೆಂದರೆ, ಲೆವೆಲ್ ಇಳಿದು ರಿಜೆಕ್ಷನ್ ಆದರೂ ಕ್ರಿಯಾಟಿನಿನ್ ಏರುತ್ತದೆ, ಲೆವೆಲ್ ಏರಿ ವಿಷವಾದರೂ ಕ್ರಿಯಾಟಿನಿನ್ನೇ ಏರುತ್ತದೆ. ಒಂದೇ ಅಂಕಿ, ಚಿಕಿತ್ಸೆ ಎತ್ತು ಏರಿಗೆ ಕೋಣ ನೀರಿಗೆ. ಒಂದಕ್ಕೆ ಔಷಧ ಏರಿಸಬೇಕು, ಇನ್ನೊಂದಕ್ಕೆ ಇಳಿಸಬೇಕು. ಬಯಾಪ್ಸಿ ಹೇಳುತ್ತದೆ, ನಿಜ. ಅದಕ್ಕಿಂತ ಮುಂಚೆ, ಕಳೆದ ಒಂದು ತಿಂಗಳಲ್ಲಿ ಯಾವುದು ನಿಂತಿತು ಎಂಬ ತಾರೀಖು ಕೈಯಲ್ಲಿದ್ದರೆ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಡಿಸ್ಚಾರ್ಜ್ ಚೀಟಿಗಳಲ್ಲಿ ಔಷಧದ ಹೆಸರು, ಡೋಸ್, ಎಷ್ಟು ದಿನ ಎಂಬ ಖಾನೆಗಳಿರುತ್ತವೆ. ನಿಲ್ಲಿಸಿದ ತಾರೀಖಿಗೆ ಖಾನೆ ಇರುವುದಿಲ್ಲ. ರೋಗಿಯ ಪುಸ್ತಕದಲ್ಲಿ ಸ್ಕೇಲಿಟ್ಟು ಆ ಒಂದು ಗೆರೆಯನ್ನು ನಾವೇ ಎಳೆದುಕೊಡುತ್ತೇವೆ, ಪಕ್ಕದಲ್ಲಿ ಮುಂದಿನ ಲೆವೆಲ್ ದಿನಗಳನ್ನೂ ಬರೆಯುತ್ತೇವೆ. ನಿಮ್ಮ ಮನೆಯಲ್ಲಿ ಕಸಿಯಾದವರಿದ್ದರೆ ನೀವೇ ಎಳೆದುಕೊಳ್ಳಿ. ಬರೆಯುವುದು ಹೀಗೆ: ಫ್ಲುಕೊನಜೋಲ್, ಕೊನೆಯ ಮಾತ್ರೆ 3ನೇ ತಾರೀಖು ರಾತ್ರಿ. ಲೆವೆಲ್ 7ಕ್ಕೆ, ಮತ್ತೊಮ್ಮೆ 11ಕ್ಕೆ. ಆ ಎರಡೂ ದಿನ ಬೆಳಗಿನ ಟ್ಯಾಕ್ರೊಲಿಮಸ್ ಜೇಬಿನಲ್ಲಿಟ್ಟುಕೊಂಡು ಬರುವುದು, ರಕ್ತ ಕೊಟ್ಟ ಮೇಲೆ ನುಂಗುವುದು.